ಕಿವಿ ಕೇಳದ ಬಾಲಣ್ಣನಿಗೆ ಎಲ್ಲರ ಮಾತೂ ಕೇಳುತ್ತಿತ್ತು!

ಗೆಳೆಯರೇ, ಒಂದು ಪ್ರಶ್ನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ.

ಹೀರೋ ಎಂಟ್ರಿಗೆ ಸಿಳ್ಳೆ ಹೊಡೆದಿದ್ದೀರಿ. ಕಟೌಟಿಗೆ ಹಾರ ಹಾಕಿದ್ದೀರಿ, ಹಾಲು ಸುರಿದಿದ್ದೀರಿ. ಫೈಟು ಶುರುವಾದರೆ ಗಾಂಧಿ ಕ್ಲಾಸಿನ ಸೀಟಿನ ಮೇಲೆ ನಿಂತು ಕುಣಿದಿದ್ದೀರಿ. ಆದರೆ ಹೀರೋ ಎರಡು ನಿಮಿಷದ ಡೈಲಾಗ್ ಹೊಡೆಯುವಾಗ ಎದುರಿಗೆ ನಿಂತು, ಬಾಯಿ ಬಿಡದೆ ಅದನ್ನು ಕೇಳಿಸಿಕೊಳ್ಳುತ್ತಾನಲ್ಲ, ಆ ನಟನಿಗೆ ಯಾವತ್ತಾದರೂ ಒಂದು ಸಿಳ್ಳೆ ಹಾಕಿದ್ದೀರಾ?

ಇಲ್ಲ, ಅಲ್ವಾ? ಯಾರೂ ಹಾಕುವುದಿಲ್ಲ. ಸಿಳ್ಳೆ ಹೀರೋಗೆ, ಬೈಗುಳ ವಿಲನ್‌ಗೆ, ನಗು ಕಾಮಿಡಿಯನ್‌ಗೆ. ಕೇಳಿಸಿಕೊಳ್ಳುವವನ ಪಾಲಿಗೆ ಏನೂ ಇಲ್ಲ.

ಇಂಥವರಿಗೆ ಇಂಗ್ಲಿಷಿನವರು ಕ್ಯಾರೆಕ್ಟರ್ ಆಕ್ಟರ್ ಅಂತಾರೆ. ಅವರ ದೇಶದಲ್ಲಿ ನಾಟಕದಿಂದ ಬೆಳ್ಳಿತೆರೆಗೆ ಬಂದ ಇಂಥ ನಟರಿಗೆ ದೊಡ್ಡ ಮರ್ಯಾದೆ. ಅಲೆಕ್ ಗಿನ್ನೆಸ್ ಎಂಬಾತ 1949ರಲ್ಲಿ ಒಂದೇ ಚಿತ್ರದಲ್ಲಿ ಎಂಟು ಪಾತ್ರ ಮಾಡಿ ಭೇಷ್ ಅನ್ನಿಸಿಕೊಂಡ. ಆದರೆ ನಮ್ಮ ಕನ್ನಡದ ಮಾತಿಗೆ ಇರುವ ರುಚಿ ಆ ಇಂಗ್ಲಿಷ್ ಮಾತಿಗೆಲ್ಲಿ? ನಾವು ಹೇಳುವುದು ಪೋಷಕ ನಟ. ಪೋಷಕ ಅಂದರೆ ಸಾಕಿ ಸಲಹುವವನು. ಹೀರೋನ ಮಾತಿಗೆ ಅನ್ನ ಹಾಕಿ ಬೆಳೆಸುವವನು!

ಕನ್ನಡದಲ್ಲಿ ಹೀಗೆ ಐದು ದಶಕ ಅನ್ನ ಹಾಕಿದವರೊಬ್ಬರ ವಿಷಯ ಇವತ್ತು ನಿಮಗೆ ಹೇಳಬೇಕು. ಅವರು ಟಿ. ಎನ್. ಬಾಲಕೃಷ್ಣ. ಚಿತ್ರರಂಗಕ್ಕೆಲ್ಲ ಬಾಲಣ್ಣ. 1910ರ ದಶಕದಲ್ಲಿ ಅರಸೀಕೆರೆಯಲ್ಲಿ ಹುಟ್ಟಿದವರು, 1995ರ ಜುಲೈ 19ರಂದು ಕಣ್ಮುಚ್ಚಿದವರು. ಮೊದಲ ಚಿತ್ರ 1943ರ ‘ರಾಧಾರಮಣ’. ಆಮೇಲೆ ನಿರ್ದೇಶಕರಾಗಿ ಹೆಸರು ಮಾಡಿದ ಜಿ. ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಅಲ್ಲಿಂದ ಶುರುವಾದ ಬಾಲಣ್ಣನ ಲೆಕ್ಕ ಐನೂರು ಚಿತ್ರ ದಾಟಿತು ಅಂತ ಹೇಳುತ್ತಾರೆ. ಖಳನಾಯಕ ಬೇಕೇ, ಬಾಲಣ್ಣ. ಮನೆಮುರುಕ ಮಾವ ಬೇಕೇ, ಬಾಲಣ್ಣ. ನಗಿಸಬೇಕೇ, ನರಸಿಂಹರಾಜು ಪಕ್ಕದಲ್ಲಿ ಬಾಲಣ್ಣ. ಅಳಿಸಬೇಕೇ, ಅದಕ್ಕೂ ಅವರೇ.

ಇಷ್ಟೆಲ್ಲ ಮಾಡಿದ ಆ ಮನುಷ್ಯನಿಗೆ ಕಿವಿ ಮಂದ. ಎದುರಿನವರ ಮಾತು ಕೇಳಿಸುತ್ತಿರಲಿಲ್ಲ!

ಎಸ್ ಸರ್ ಅನ್ನಲಾರದ ಹುಡುಗ

ಇದು ನನಗೆ ಗೊತ್ತಾದ ಬಗೆಯನ್ನು ಹೇಳಿದರೆ ಸ್ವಲ್ಪ ನನ್ನ ಕತೆಯೂ ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮನೆ ಚಾಮರಾಜಪೇಟೆಯ ಒಂದು ಹಳೇ ವಠಾರದಲ್ಲಿ. ಚಿಕ್ಕಂದಿನಲ್ಲಿ ನನ್ನ ಎಡಗಿವಿ ಸದಾ ಸೋರುತ್ತಿತ್ತು. ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಟ್ಟರು, ಡಾಕ್ಟರು ಡ್ರಾಪ್ಸ್ ಬಿಟ್ಟರು. ಕೊನೆಗೆ ಸೋರುವುದು ನಿಂತಿತು. ಅದರ ಜತೆಗೆ ಕೇಳುವುದೂ ನಿಂತಿತು. ಬಲಗಿವಿ ಅರ್ಧಂಬರ್ಧ. ಹೈಸ್ಕೂಲಿನ ತನಕ ಮುಂದಿನ ಬೆಂಚಿನಲ್ಲಿ ಕೂತು, ಮೇಷ್ಟರ ಮುಖ ನೋಡಿ ನೋಡಿ ಹೇಗೋ ಪಾಸಾದೆ.

ಪಿಯುಸಿಯಲ್ಲಿ ಎಲ್ಲ ಕೆಟ್ಟಿತು. ಒಂದೊಂದು ಸೆಕ್ಷನ್ನಿಗೆ ನೂರರ ಹತ್ತಿರ ಹುಡುಗರು. ಮುಂದಿನ ಬೆಂಚು ಬೇಗ ಬಂದವನಿಗೆ. ಲೆಕ್ಚರರ್ ತಲೆ ತಗ್ಗಿಸಿ ರಿಜಿಸ್ಟರ್ ನೋಡುತ್ತ ನಂಬರ್ ಕೂಗುತ್ತಾರೆ. ತುಟಿ ಕಾಣದಿದ್ದರೆ ನನಗೆ ನಂಬರ್ ಹೇಗೆ ಕೇಳಬೇಕು? ನಾನು ಕ್ಲಾಸಿನಲ್ಲೇ ಕೂತಿದ್ದೆ, ರಿಜಿಸ್ಟರಿನಲ್ಲಿ ಆಬ್ಸೆಂಟು! ವರ್ಷದ ಕೊನೆಗೆ ಹಾಜರಿ ಸಾಲದು ಅಂತ ನೋಟೀಸ್ ಬೋರ್ಡಿನಲ್ಲಿ ನನ್ನ ನಂಬರ್ ಬಂತು. ವಿಚಾರಿಸಲು ಆಫೀಸಿಗೆ ಹೋದರೆ, “ಬಾಯಿ ಇದೆಯಲ್ಲ, ಕಿವಿ ಎಲ್ಲಿ ಮಾರ್ಕೊಂಡೆ?” ಅಂದರು. ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು ನೋಡಿ. ಕಾಲೇಜಿನ ಹೆಸರು ಇಲ್ಲಿ ಬೇಡ. ಅವತ್ತು ಮೆಟ್ಟಿಲು ಇಳಿದವನು ಮತ್ತೆ ಹತ್ತಲಿಲ್ಲ.

ಮನೆಯಲ್ಲಿ ಮುಖ ಊದಿಸಿಕೊಂಡು ಬಿದ್ದಿದ್ದ ದಿನಗಳವು. ಒಂದು ಭಾನುವಾರ ಟೀವಿಯಲ್ಲಿ ‘ಬಂಗಾರದ ಮನುಷ್ಯ’. ನಮ್ಮ ದೊಡ್ಡಪ್ಪ ಆ ಚಿತ್ರದ ಹುಚ್ಚರು. 1972ರಲ್ಲಿ ಅದು ಬಿಡುಗಡೆಯಾದಾಗ ಅವರಿಗೆ ಹದಿನೇಳು ವಯಸ್ಸು. ಮೆಜೆಸ್ಟಿಕ್ಕಿನ ಸ್ಟೇಟ್ಸ್ ಥಿಯೇಟರಿನಲ್ಲಿ, ಅಂದರೆ ಆಮೇಲೆ ಭೂಮಿಕಾ ಅಂತ ಹೆಸರಾದ ಥಿಯೇಟರಿನಲ್ಲಿ, ಆ ಚಿತ್ರ ಎರಡು ವರ್ಷ ಓಡಿತಲ್ಲ, ಆ ಎರಡು ವರ್ಷದಲ್ಲಿ ಇವರು ನೋಡಿದ್ದು ಹದಿನೆಂಟು ಸಲ. ಚಾಮರಾಜಪೇಟೆಯಿಂದ ನಡೆದೇ ಹೋಗಿ, ಬಸ್ಸಿನ ಕಾಸು ಉಳಿಸಿ ಕಡಲೆಕಾಯಿ ತಿನ್ನುತ್ತಿದ್ದರಂತೆ.

ತೆರೆಯ ಮೇಲೆ ರಾಚೂಟಪ್ಪ ಬಂದ. ದೊಡ್ಡಪ್ಪ ನನ್ನ ಭುಜ ತಟ್ಟಿ, ನಾನು ತಿರುಗಿ ಮುಖ ನೋಡುವ ತನಕ ಕಾದು ಹೇಳಿದರು:

“ಏ, ಅವನಿಗೂ ಕಿವಿ ಕೇಳ್ತಿರಲಿಲ್ಲ ಕಣೋ. ಗೊತ್ತಾ ನಿಂಗೆ?”

ನಾನು ಎದ್ದು ಕೂತೆ.

ಕಣ್ಣಿಂದ ಕೇಳುವ ವಿದ್ಯೆ

ಆವತ್ತಿನಿಂದ ಬಾಲಣ್ಣನ ಚಿತ್ರ ಸಿಕ್ಕಿದರೆ ಬಿಡುವುದಿಲ್ಲ. ಟೀವಿಯಲ್ಲಿ, ಮೊಬೈಲಿನಲ್ಲಿ, ಎಲ್ಲಿ ಸಿಕ್ಕಿದರೆ ಅಲ್ಲಿ. ಸೌಂಡ್ ಪೂರ್ತಿ ಬಂದ್ ಮಾಡಿ ನೋಡುತ್ತೇನೆ. ನೀವೂ ಒಂದು ಸಲ ಹಾಗೆ ನೋಡಿ. ರಾಜೀವನಾಗಿ ರಾಜಕುಮಾರ್ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ರುಮಾಲು ಸುತ್ತಿದ ರಾಚೂಟಪ್ಪ. ಅವರ ಕಣ್ಣು ಎಲ್ಲಿದೆ? ಅಣ್ಣಾವ್ರ ಕಣ್ಣಿನ ಮೇಲಲ್ಲ, ಸ್ವಲ್ಪ ಕೆಳಗೆ, ತುಟಿಯ ಮೇಲೆ! ಒಂದೊಂದು ಮಾತಿಗೂ ಹುಬ್ಬು ಏರುತ್ತದೆ, ಕತ್ತು ವಾಲುತ್ತದೆ, ಕೆನ್ನೆ ಅದುರುತ್ತದೆ. ಮಾತು ಮುಗಿಯುವ ಹೊತ್ತಿಗೆ ಉತ್ತರ ಆಗಲೇ ಮುಖದ ಮೇಲೆ ಬಂದು ಕೂತಿರುತ್ತದೆ. ಆಮೇಲೆ ಆ ಒಡಕು ದನಿ, ಎಳೆದೆಳೆದು ಆಡುವ ಆ ಮಾತು.

ಎದುರಿಗಿರುವವರ ತುಟಿ ಅಲುಗುವುದನ್ನು ನೋಡಿಯೇ ಬಾಲಣ್ಣ ಮಾತು ಹಿಡಿಯುತ್ತಿದ್ದರು ಎಂದು ಅವರ ಜತೆ ಕೆಲಸ ಮಾಡಿದವರು ಹೇಳಿಕೊಂಡು ಬಂದಿದ್ದಾರೆ. ಕೇಳುವುದಕ್ಕೆ ಸುಲಭ. ಮಾಡುವುದು ಎಷ್ಟು ಕಷ್ಟ ಅಂತ ನನ್ನಂಥವನನ್ನು ಕೇಳಿ. ‘ಪ’ಕ್ಕೂ ‘ಬ’ಕ್ಕೂ ‘ಮ’ಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಪಾಲು ಅಂದರೋ ಬಾಲು ಅಂದರೋ ಮಾಲು ಅಂದರೋ, ಕಣ್ಣಿಗೆ ಎಲ್ಲ ಒಂದೇ. ಹಿಂದುಮುಂದಿನ ಮಾತು ಗೊತ್ತಿದ್ದರೆ ಮಾತ್ರ ಅರ್ಥ. ಎದುರಿನವನು ಬೆನ್ನು ತಿರುಗಿಸಿದ ಅನ್ನಿ, ಕತೆ ಮುಗಿಯಿತು!

ನಾಟಕದಲ್ಲಿ, ಸಿನಿಮಾದಲ್ಲಿ ಒಬ್ಬನ ಮಾತಿನ ಕೊನೆಯೇ ಇನ್ನೊಬ್ಬನ ಮಾತಿಗೆ ಬಾಗಿಲು. ಅದನ್ನು ಕ್ಯೂ ಅಂತಾರೆ. ಅರ್ಧ ಗಳಿಗೆ ಮೊದಲು ಬಾಯಿ ಬಿಟ್ಟರೆ ಎದುರಿನವನ ಮಾತು ಕೊಂದ ಹಾಗೆ, ಅರ್ಧ ಗಳಿಗೆ ತಡ ಮಾಡಿದರೆ ಸೀನು ಸತ್ತ ಹಾಗೆ. ನಗೆ ಪಾತ್ರಕ್ಕಂತೂ ಈ ಲೆಕ್ಕ ಇನ್ನೂ ಬಿಗಿ. ನರಸಿಂಹರಾಜು ಅವರಂಥ ಮಿಂಚಿನ ಬಾಯಿಗೆ ಎದುರು ನಿಂತು, ಕಿವಿಯ ಸಹಾಯವಿಲ್ಲದೆ ಐದು ದಶಕ ಈ ಲೆಕ್ಕ ತಪ್ಪದೆ ನಡೆಸುವುದು ಅಂದರೆ ಹುಡುಗಾಟವೇ?

ಹಾಗಾದರೆ ಬಾಲಣ್ಣ ಈ ವಿದ್ಯೆ ಕಲಿತದ್ದು ಎಲ್ಲಿ? ಕಂಪನಿ ನಾಟಕದಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಆಗಿನ ದಿನಗಳಲ್ಲಿ ಕಲಾವಿದರ ಗರಡಿಮನೆ. ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದವರು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಾಲಕೃಷ್ಣ, ಎಲ್ಲರೂ ಆ ಗರಡಿಯ ಮಣ್ಣು ಮೆತ್ತಿಕೊಂಡವರೇ. ಕಂಪನಿಯಲ್ಲಿ ಇವತ್ತು ರಾಜ, ನಾಳೆ ಸೇವಕ, ನಾಡಿದ್ದು ಯಾರಿಗೋ ಜ್ವರ ಬಂದರೆ ಅವನ ಪಾತ್ರ. ಹೀಗಾಗಿ ತನ್ನ ಮಾತಷ್ಟೇ ಕಲಿತರೆ ಸಾಲದು, ಇಡೀ ನಾಟಕ ಬಾಯಿಪಾಠ ಇರಬೇಕು. ಕಿವಿ ಚೆನ್ನಾಗಿದ್ದವನಿಗೆ ಅದೊಂದು ಅಭ್ಯಾಸ. ಬಾಲಣ್ಣನಂಥವರಿಗೆ ಅದೇ ಊರುಗೋಲು.

ಚಾಪ್ಲಿನ್ ಗೆಳೆಯ, ನಮ್ಮ ಬಾಲಣ್ಣ

ಹಾಲಿವುಡ್ಡಿನಲ್ಲೂ ಕಿವಿ ಕೇಳದ ಒಬ್ಬ ಕಲಾವಿದ ಇದ್ದ. ಗ್ರ್ಯಾನ್‌ವಿಲ್ ರೆಡ್ಮಂಡ್ ಅಂತ ಹೆಸರು, ವೃತ್ತಿಯಲ್ಲಿ ಚಿತ್ರಕಾರ. ಚಾರ್ಲಿ ಚಾಪ್ಲಿನ್ನನ ಖಾಸಾ ಗೆಳೆಯ. ಚಾಪ್ಲಿನ್ ಅವನನ್ನು ತನ್ನ ಕೆಲವು ಚಿತ್ರಗಳಲ್ಲಿ ಹಾಕಿಕೊಂಡ. 1931ರ ‘ಸಿಟಿ ಲೈಟ್ಸ್’ನಲ್ಲಿ ಶಿಲ್ಪಿಯಾಗಿ ಬರುವವನು ಅವನೇ. ಆದರೆ ಗಮನಿಸಿ, ಅವು ಮಾತಿಲ್ಲದ ಚಿತ್ರಗಳು. ಮೂಕಿಚಿತ್ರ ಕಿವುಡರಿಗೆ ಸ್ವರ್ಗ. ನಟಿಸಬಹುದಿತ್ತು, ಎಲ್ಲರ ಜತೆ ಕೂತು ನೋಡಿ ನಗಬಹುದಿತ್ತು. ಟಾಕಿ ಬಂದದ್ದೇ ಆ ಬಾಗಿಲು ಮುಚ್ಚಿಬಿಟ್ಟಿತು.

ಕನ್ನಡಕ್ಕೆ ಟಾಕಿ ಬಂದದ್ದು 1934ರಲ್ಲಿ, ‘ಸತಿ ಸುಲೋಚನಾ’. ಅದು ತೆರೆ ಕಂಡದ್ದು ನಮ್ಮ ಚಾಮರಾಜಪೇಟೆಗೆ ಕೂಗಳತೆಯಲ್ಲಿದ್ದ, ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ. ಒಂಬತ್ತು ವರ್ಷ ಬಿಟ್ಟು ಬಾಲಣ್ಣ ಬಣ್ಣ ಹಚ್ಚಿದರು. ಅಂದರೆ ಪ್ರಪಂಚದ ಕಿವುಡ ನಟರಿಗೆಲ್ಲ ಯಾವ ಬಾಗಿಲು ಮುಚ್ಚಿತ್ತೋ, ಅದೇ ಬಾಗಿಲಿನಿಂದ ಈ ಅರಸೀಕೆರೆಯ ಮನುಷ್ಯ ಒಳಗೆ ಬಂದರು! ಬಂದವರು ಮೂಲೆಯಲ್ಲಿ ನಿಲ್ಲಲಿಲ್ಲ, ಮಾತಿನ ಮಲ್ಲ ಅನ್ನಿಸಿಕೊಂಡರು.

ಆ ಕಾಲದ ಚಿತ್ರಜೀವನ ಹೂವಿನ ಹಾಸಿಗೆಯಲ್ಲ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರ, ಅದೂ ಬಹುಪಾಲು ಮದರಾಸಿನಲ್ಲಿ. ಕೆಲಸವಿಲ್ಲದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ಹೋಗಿ ನಾಟಕ ಆಡಿದರು. ಆಮೇಲೆ ಆ ಸಂಘದಿಂದಲೇ ಒಂದು ಚಿತ್ರ ತೆಗೆದರು. 1960ರ ‘ರಣಧೀರ ಕಂಠೀರವ’ ಅದೇ. ಸಂಬಳಕ್ಕೆ ಕೈ ಚಾಚುವ ನಟರೇ ನಿರ್ಮಾಪಕರಾಗಿ ನಿಂತರು. ಆ ನಾಲ್ವರಲ್ಲಿ ಹೀರೋ ಒಬ್ಬರೇ. ನಮಗೆ ಈಗ ನೆನಪಿರುವುದು ಕಂಠೀರವ, ಅವನ ಪೌರುಷ. ಅವನನ್ನು ತೆರೆಗೆ ತರಲು ಹೆಗಲು ಕೊಟ್ಟವರನ್ನೂ ನೆನೆಯಬೇಕಲ್ಲವೇ?

ಹದಿನಾಲ್ಕು ಮಾತಿನ ಗುಮಾಸ್ತ

ನನ್ನ ಕತೆ ಇನ್ನೊಂದಿಷ್ಟು ಇದೆ.

ಪಿಯುಸಿ ಬಿಟ್ಟ ಮೇಲೆ ಗಾಂಧಿ ಬಜಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆ ಶಬ್ದದಲ್ಲಿ ನನ್ನ ಕಿವಿಯೂ ಒಂದೇ, ಬೇರೆಯವರ ಕಿವಿಯೂ ಒಂದೇ. ಅಲ್ಲಿಂದಲೇ ಚಿಕ್ಕಚಿಕ್ಕ ಸಿನಿಮಾ ಬರಹ ಬರೆಯಲು ಶುರು ಮಾಡಿದೆ. ಈಗಲೂ ಯಾವ ಪತ್ರಿಕೆಯ ನೌಕರನೂ ಅಲ್ಲ, ಬರೆದಷ್ಟಕ್ಕೆ ಕಾಸು. ಪ್ರೆಸ್‌ಮೀಟಿಗೆ ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನ ಎಡತುದಿ ಹಿಡಿಯುತ್ತೇನೆ, ಬಲಗಿವಿ ವೇದಿಕೆ ಕಡೆ ಬರಲಿ ಅಂತ. ಇವನಿಗೇನು ಫೋಟೋದಲ್ಲಿ ಬೀಳುವ ಆಸೆ ಅಂತ ನಗುವವರಿದ್ದಾರೆ. ನಗಲಿ ಬಿಡಿ.

ಎರಡು ವರ್ಷದ ಕೆಳಗೆ ಬಸವನಗುಡಿಯ ಗೆಳೆಯರು ಗಣೇಶನ ಹಬ್ಬಕ್ಕೆ ಒಂದು ನಾಟಕ ಹೂಡಿದರು. ಸಾಹುಕಾರನ ಗುಮಾಸ್ತನ ಪಾತ್ರಕ್ಕೆ ಒಪ್ಪಿಕೊಂಡಿದ್ದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದ. “ನೀನೇ ಮಾಡೋ, ಹದಿನಾಲ್ಕೇ ಮಾತು” ಅಂದರು. ನನಗೆ ಕೈಕಾಲು ತಣ್ಣಗಾಯಿತು. ಹದಿನಾಲ್ಕು ಮಾತು ಆಡಬಹುದು ಗುರು, ಉಳಿದ ಇನ್ನೂರು ಮಾತು ಕೇಳಿಸಿಕೊಳ್ಳೋದು ಹೇಗೆ?

ಆಗ ನೆನಪಿಗೆ ಬಂದವರು ಬಾಲಣ್ಣ. ಸ್ಕ್ರಿಪ್ಟ್ ಪೂರ್ತಿ ಜೆರಾಕ್ಸ್ ಮಾಡಿಕೊಂಡು, ಸಾಹುಕಾರ, ಸಾಹುಕಾರನ ಹೆಂಡತಿ, ಅಳಿಯ, ಅಮಲ್ದಾರ, ಎಲ್ಲರ ಮಾತೂ ಬಾಯಿಪಾಠ ಮಾಡಿದೆ. ರಾತ್ರಿ ವಠಾರದ ಮೆಟ್ಟಿಲ ಮೇಲೆ ಕೂತು ಒಬ್ಬನೇ ಐದು ಜನರ ಹಾಗೆ ಗೊಣಗುತ್ತಿದ್ದರೆ ಅಕ್ಕಪಕ್ಕದವರು ಅಮ್ಮನನ್ನು ಕರೆದು, “ಹುಡುಗನಿಗೆ ಹುಷಾರಿದ್ದಾನಾ?” ಅಂತ ವಿಚಾರಿಸಿದರು.

ನಾಟಕದ ದಿನ. ಪೆಂಡಾಲು, ಮೈಕು, ಹಿಂದೆ ಜನರೇಟರಿನ ಗಡಗಡ. ಎರಡನೇ ಸೀನಿನಲ್ಲಿ ಸಾಹುಕಾರ ನನ್ನ ಕಡೆ ಮುಖ ಮಾಡಿ ಬೈಯಬೇಕು. ಮೈಕಿನ ಆಸೆಗೆ ಬಿದ್ದು ಮಹರಾಯ ಜನರ ಕಡೆ ತಿರುಗಿ ನಿಂತುಬಿಟ್ಟ! ತುಟಿ ಕಾಣುತ್ತಿಲ್ಲ, ದನಿ ಕೇಳುತ್ತಿಲ್ಲ. ಕಂಡದ್ದು ಅವನ ಬೆನ್ನು ಮಾತ್ರ. ಅವನ ಮಾತನ್ನು ಮನಸ್ಸಿನಲ್ಲೇ ಅವನ ವೇಗದಲ್ಲಿ ಹೇಳಿಕೊಳ್ಳುತ್ತ ಹೋದೆ. ಉಸಿರು ತೆಗೆದಾಗ ಭುಜ ಏರುತ್ತಿತ್ತು, ಬೈದಾಗ ಕುತ್ತಿಗೆಯ ನರ ಬಿಗಿಯುತ್ತಿತ್ತು. ಕೊನೆಯ ಮಾತಿಗೆ ಅವನು ಕಾಲಿನಿಂದ ಹಲಗೆ ಒದೆಯಬೇಕು. ಒದ್ದ. ಹಲಗೆಯ ನಡುಕ ನನ್ನ ಅಂಗಾಲಿಗೆ ಬಂತು. ಬಾಯಿ ಬಿಟ್ಟೆ. ಸರಿಯಾಗಿ ಬಿತ್ತು ಮಾತು. ಪೆಂಡಾಲು ನಕ್ಕದ್ದು ಕೇಳಿಸಲಿಲ್ಲ, ಕಾಣಿಸಿತು.

ಬಣ್ಣ ಒರೆಸಿಕೊಳ್ಳುವಾಗ ಸಾಹುಕಾರ ಪಾತ್ರದ ಗೆಳೆಯ ನನ್ನ ಎದುರಿಗೆ ಬಂದು ಕೂತು ಹೇಳಿದ: “ಏನ್ ಗುರು ನೀನು! ನನ್ನ ಮಾತನ್ನ ಯಾರೂ ಇಷ್ಟು ಕೇಳಿಲ್ಲ ಕಣೋ. ನಮ್ಮನೇಲೂ ಕೇಳಲ್ಲ.”

ಅವನು ತಮಾಷೆಗೆ ಅಂದ. ನನಗೆ ಬಾಲಣ್ಣನ ಗುಟ್ಟು ಅಲ್ಲಿ ಸಿಕ್ಕಿತು. ಕಿವಿ ಚೆನ್ನಾಗಿರುವ ನಟ ಎದುರಿನವನ ಕೊನೆಯ ಶಬ್ದಕ್ಕೆ ಕಾಯುತ್ತಾನೆ. ಅಲ್ಲಿಯವರೆಗೆ ಅವನ ತಲೆಯಲ್ಲಿ ತನ್ನದೇ ಮಾತು ಓಡುತ್ತಿರುತ್ತದೆ. ಕಿವಿ ಇಲ್ಲದವನಿಗೆ ಆ ಸೌಕರ್ಯವಿಲ್ಲ. ಅವನು ಮೊದಲಕ್ಷರದಿಂದ ಕೊನೆಯಕ್ಷರದ ತನಕ ಎದುರಿನವನ ಮುಖ ಬಿಟ್ಟು ಕದಲುವ ಹಾಗಿಲ್ಲ. ನೋಡುವ ನಮಗೆ ಅದು ಹೇಗೆ ಕಾಣುತ್ತದೆ? ಅಬ್ಬ, ಈ ಮನುಷ್ಯ ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾನೆ ಅನ್ನಿಸುತ್ತದೆ. ಅವನು ಅಷ್ಟು ಕೇಳಿದ್ದಕ್ಕೇ ಹೀರೋನ ಮಾತಿಗೆ ತೂಕ ಬಂತು. ರಾಜೀವ ಬಂಗಾರದ ಮನುಷ್ಯ ಅಂತ ನಾವು ನಂಬಿದ್ದು ರಾಚೂಟಪ್ಪ ಮೊದಲು ನಂಬಿದ್ದರಿಂದ!

ಅಭಿಮಾನ್

ಬಾಲಣ್ಣನಿಗೆ ಇನ್ನೊಂದು ದೊಡ್ಡ ಕನಸಿತ್ತು. ಕನ್ನಡ ಚಿತ್ರಗಳು ಮದರಾಸಿನ ಬಾಗಿಲು ಕಾಯುವುದು ತಪ್ಪಬೇಕು, ಕನ್ನಡದ ನೆಲದಲ್ಲಿ ಕನ್ನಡದ ಸ್ಟುಡಿಯೋ ಏಳಬೇಕು. 1960ರ ದಶಕದಲ್ಲಿ ಸರ್ಕಾರದಿಂದ ಮೈಸೂರು ರಸ್ತೆಯ ಕಡೆ, ಕೆಂಗೇರಿ ಹತ್ತಿರ ಸುಮಾರು 20 ಎಕರೆ ಜಾಗ ಸಿಕ್ಕಿತು. ಅಲ್ಲಿ ಕಟ್ಟಿದ್ದೇ ಅಭಿಮಾನ್ ಸ್ಟುಡಿಯೋ. ಸಾಹುಕಾರರು ಕಟ್ಟಿದ್ದಲ್ಲ, ದಿನಗೂಲಿಯ ಹಾಗೆ ದುಡಿದ ಪೋಷಕ ನಟ ಕಟ್ಟಿದ್ದು. ಅದನ್ನು ನಡೆಸುವ ಭಾರ ಕೊನೆಯ ತನಕ ಅವರ ಹೆಗಲ ಮೇಲಿತ್ತು.

2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಅಲ್ಲೇ. ಅಂದಿನಿಂದ ಅಭಿಮಾನ್ ಅಂದರೆ ದಾದಾನ ಅಭಿಮಾನಿಗಳಿಗೆ ಪುಣ್ಯಕ್ಷೇತ್ರವಾಯಿತು. ಸ್ಮಾರಕದ ವಿವಾದ ವರ್ಷಗಟ್ಟಲೆ ಎಳೆಯಿತು. 2023ರ ಜನವರಿಯಲ್ಲಿ ಮೈಸೂರಿನ ಹತ್ತಿರ ಉದ್ಬೂರಿನಲ್ಲಿ ಸರ್ಕಾರಿ ಸ್ಮಾರಕ ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಲ್ಲಿ ಅಭಿಮಾನ್‌ನಲ್ಲಿದ್ದ ಸಮಾಧಿ ನೆಲಸಮವಾಯಿತು. ಅಭಿಮಾನಿಗಳು ಕಣ್ಣೀರಿಟ್ಟರು, ರೊಚ್ಚಿಗೆದ್ದರು. ಅವರ ನೋವು ನನಗೆ ಅರ್ಥವಾಗುತ್ತದೆ. ಯಾರದು ಸರಿ, ಯಾರದು ತಪ್ಪು ಅಂತ ತೀರ್ಪು ಹೇಳುವುದು ಈ ಪುಟದ ಕೆಲಸವಲ್ಲ.

ಆ ಸುದ್ದಿಯ ದಿನಗಳಲ್ಲಿ ನಾನೂ ಸಿರ್ಸಿ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ, ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆ ಹೋಗಿದ್ದೆ. ರಸ್ತೆಯಲ್ಲಿ ನಿಮ್ಮ ವಯಸ್ಸಿನ ಹುಡುಗರ ಗುಂಪು. ಕೈಯಲ್ಲಿ ವಿಷ್ಣು ಫೋಟೋ. ಒಬ್ಬನನ್ನು ಮಾತಿಗೆಳೆದು, “ಈ ಸ್ಟುಡಿಯೋ ಕಟ್ಟಿದವರು ಯಾರು ಗೊತ್ತಾ?” ಅಂದೆ. ಅವನು ನನ್ನ ಮುಖ ನೋಡಿ ಹೇಳಿದ: “ಬಾಲಣ್ಣ ಸಾರ್. ರಾಚೂಟಪ್ಪ. ನಮ್ಮ ತಾತ ಹೇಳ್ತಿದ್ರು.”

ಎರಡು ಸಲ ಹೇಳಿಸಿದೆ. ಮೊದಲ ಸಲವೇ ತುಟಿ ಓದಿಯಾಗಿತ್ತು. ಆದರೂ ಇನ್ನೊಂದು ಸಲ ನೋಡಬೇಕು ಅನ್ನಿಸಿತು.

ಗೆಳೆಯರೇ, ಮುಂದಿನ ಸಲ ಹಳೇ ಕನ್ನಡ ಚಿತ್ರ ಎಲ್ಲಾದರೂ ಕಂಡರೆ ಅಣ್ಣಾವ್ರನ್ನು ನೋಡಿ, ಬೇಡ ಅನ್ನಲ್ಲ. ನೋಡಿಯಾದ ಮೇಲೆ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಅಲ್ಲೊಬ್ಬ ಮನುಷ್ಯ ಹುಬ್ಬೇರಿಸಿ, ಕತ್ತು ವಾಲಿಸಿ, ಹೀರೋನ ತುಟಿಯನ್ನೇ ನೋಡುತ್ತ ನಿಂತಿರುತ್ತಾನೆ. ಅವನ ಹೆಸರಿಗೆ ಒಂದು ಸಿಳ್ಳೆ ಹಾಕಿ, ಜೋರಾಗಿ. ಅವರಿಗೆ ಕೇಳಿಸದಿದ್ದರೇನು, ನೀವು ತುಟಿಗೆ ಬೆರಳಿಟ್ಟಿದ್ದನ್ನು ನೋಡಿಯೇ ಗೊತ್ತುಮಾಡಿಕೊಳ್ಳುತ್ತಿದ್ದರು!